ಅಪ್ಪನ ಮಳೆ ಪುಸ್ತಕ ಕೊನೆಗೂ ಕೈಗೆ ಬಂತು

ಹೋದ ಭಾನುವಾರ ಅಪ್ಪನ ವರ್ಷದ ತಿಥಿ ಮುಗಿಯಿತು. ಬಂದವರ ಕೈಗೆಲ್ಲ ಒಂದೊಂದು ಪುಸ್ತಕ ಕೊಟ್ಟೆವು. ಅಪ್ಪ 1981ರಿಂದ 2023ರವರೆಗೆ ಬರೆದಿಟ್ಟ ಮಳೆ ಲೆಕ್ಕ ಅದು. 31 ನೋಟ್‌ಬುಕ್ಕು ಸೇರಿ 212 ಪುಟ ಆಯಿತು. ಅಪ್ಪನ ಕೊನೆಯ ತಿಂಗಳುಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ನಿಮಗೆಲ್ಲ ಗೊತ್ತೇ ಇದೆ, ಅಲ್ವಾ.

ಅಪ್ಪ ಡೈರಿ ಬರೆದವರಲ್ಲ, ಮಳೆ ಬರೆದವರು. ತಿಪಟೂರಿನ ಕಡೆ ಮಳೆಯನ್ನೇ ನಂಬಿದ ನಮ್ಮಂಥ ಖುಷ್ಕಿ ಹೊಲದವರಿಗೆ ವರ್ಷ ಶುರುವಾಗುವುದೇ ಭರಣಿ ಮಳೆಯಿಂದ. ಹದಿಮೂರು ಹದಿನಾಲ್ಕು ದಿನಕ್ಕೊಂದು ನಕ್ಷತ್ರ, ಅದೇ ಆ ದಿನಗಳ ಮಳೆಯ ಹೆಸರು. ಅದರ ಕೆಳಗೆ ಒಂದೋ ಎರಡೋ ಸಾಲು. ‘ಕೃತ್ತಿಕೆ, 3ನೇ ದಿನ. ರಾತ್ರಿ ಒಳ್ಳೆ ಹದ. ಹೆಸರುಕಾಳು ಹಾಕಿದೆ.’ ‘ಪುನರ್ವಸು. ರಾಗಿ ಬಿತ್ತನೆ ಆಯಿತು. ಮೇಲಿನ ಹೊಲ ಬಾಕಿ.’ 2000ದ ಆಸುಪಾಸಿನ ಪುಟಗಳ ತುಂಬ ತೆಂಗಿನ ನುಸಿ ಪೀಡೆ. 2002, 2003ರಲ್ಲಿ ಮಳೆಯ ಹೆಸರಿನ ಮುಂದೆ ‘ಇಲ್ಲ’ ಅಂತ ಮಾತ್ರ ಇದೆ, ಪುಟ ಪೂರ್ತಿ. 2023ರಲ್ಲಿ ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು. ಅಪ್ಪ ಆ ವರ್ಷ ನಡುಗುವ ಕೈಯಲ್ಲಿ ಬರೆದದ್ದು ಇಷ್ಟೇ: ‘ರಾಗಿ ತೆನೆ ಕಟ್ಟಲಿಲ್ಲ. ದನಕ್ಕೆ ಆಯಿತು.’

ಇದನ್ನು ಪುಸ್ತಕ ಮಾಡಲು ತುಂಬಾ ಜನ ಕೈಜೋಡಿಸಿದಿರಿ. ಅಟ್ಟದಿಂದ ನೋಟ್‌ಬುಕ್ಕು ಇಳಿಸಿ ಗೆದ್ದಲು ಕೊಡವಿದ ತಮ್ಮ, ಅಪ್ಪನ ಅಕ್ಷರ ಅರ್ಥವಾಗದ ಕಡೆ ಓದಿಕೊಟ್ಟ ದೊಡ್ಡಪ್ಪ, ಸಂಜೆ ಹೊತ್ತು ನನ್ನ ಪಾಲಿನ ಕೆಲಸವನ್ನೂ ಹೊತ್ತುಕೊಂಡ ನನ್ನ ಹೆಂಡತಿ, ಹಳೆ ಲ್ಯಾಪ್‌ಟಾಪ್ ಕೊಟ್ಟ ಭಾವ, ರಜೆ ಹೊಂದಿಸಿಕೊಟ್ಟ ಆಫೀಸಿನ ಗೆಳೆಯರು, ಎಲ್ಲರಿಗೂ ಮನಸಾರೆ ನಮಸ್ಕಾರ.

ಇನ್ನೊಬ್ಬರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಆ ಹೆಣ್ಣುಮಗಳು ನಮ್ಮ ಪೇಟೆಯಲ್ಲಿ ಜೆರಾಕ್ಸ್, ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಅಫಿಡವಿಟ್ಟು, ಮದುವೆ ಪತ್ರಿಕೆ, ತಿಥಿ ಕಾರ್ಡು ಟೈಪ್ ಮಾಡಿ ಇಪ್ಪತ್ತು ವರ್ಷ ಆದ ಕೈ. 53ನೇ ವಯಸ್ಸಿನಲ್ಲಿ ನನಗೆ ‘ನುಡಿ’ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಲು ಕಲಿಸಿದವರು ಅವರೇ. ಒತ್ತಕ್ಷರಕ್ಕೆ ಎಫ್ ಕೀಲಿ ಒತ್ತಬೇಕು ಅನ್ನುವುದು ನನ್ನ ಬೆರಳಿಗೆ ಹತ್ತುವಷ್ಟರಲ್ಲಿ ಒಂದು ತಿಂಗಳು ಹೋಯಿತು. ಅಷ್ಟು ದಿನದಲ್ಲಿ ಒಮ್ಮೆಯೂ ಅವರು ನನ್ನ ಕೈಯಿಂದ ಕೀಬೋರ್ಡ್ ಎಳೆದುಕೊಳ್ಳಲಿಲ್ಲ. ‘ನಿಧಾನಕ್ಕೆ ಮಾಡಿ ಅಣ್ಣ, ನಾನೇನು ಓಡಿ ಹೋಗಲ್ಲ’ ಅನ್ನುತ್ತಿದ್ದರು.

ತಿಥಿಗೆ ನಾಲ್ಕು ದಿನ ಇತ್ತು. ಎಲ್ಲ ಫೈಲು ಒಟ್ಟು ಮಾಡಿ ಪ್ರೆಸ್ಸಿಗೆ ಕಳಿಸೋಣ ಅಂತ ತೆರೆದರೆ, ಮೊದಲ ಹದಿನೈದು ನೋಟ್‌ಬುಕ್ಕಿನ ಜಾಗದಲ್ಲಿ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಚುಕ್ಕೆ, ಗೆರೆ. ನಾನು ಅಷ್ಟನ್ನು ಹಳೆ ಫಾಂಟಿನಲ್ಲಿ, ಉಳಿದದ್ದನ್ನು ಈಗ ಎಲ್ಲ ಕಡೆ ನಡೆಯುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದೆ. ಎರಡೂ ಕಣ್ಣಿಗೆ ಒಂದೇ ಥರ ಕಾಣುತ್ತಿದ್ದವು, ನನಗೆ ಗೊತ್ತಾಗಲಿಲ್ಲ. ರಾತ್ರಿ ಎಂಟಕ್ಕೆ ಅಂಗಡಿಗೆ ಓಡಿದೆ. ಅವರು ಶಟರ್ ಎಳೆಯುತ್ತಿದ್ದರು. ನನ್ನ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು.

‘ಹಳೆ ಫಾಂಟು ಅಂದ್ರೆ ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ಅಂಗಿ ತೊಡಿಸಿದ ಹಾಗೆ ಅಣ್ಣ. ಅಂಗಿ ಜಾರಿದ್ರೆ ಒಳಗಿರೋದು ಕಾಣುತ್ತೆ. ಗಾಬರಿ ಆಗಬೇಡಿ, ಅಕ್ಷರ ಎಲ್ಲೂ ಹೋಗಿಲ್ಲ.’

ಹಳೆ ಫಾಂಟನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿದಾಗ ಮುಕ್ಕಾಲು ಪಾಲು ಸರಿಯಾಯಿತು. ಕೈಕೊಟ್ಟದ್ದು ಅರ್ಕಾವೊತ್ತು. ಅದನ್ನು ನಾವು ಬರೆಯುವುದು ಅಕ್ಷರ ಆದಮೇಲೆ, ಆದರೆ ಬಾಯಲ್ಲಿ ಬರುವುದು ಅಕ್ಷರಕ್ಕೆ ಮೊದಲು. ಹಳೆ ಫಾಂಟು ಕಣ್ಣಿಗೆ ಕಂಡ ಹಾಗೆ ಜೋಡಿಸುತ್ತದೆ, ಯೂನಿಕೋಡ್ ಉಚ್ಚಾರದ ಹಾಗೆ. ಆ ಅದಲುಬದಲಿನಲ್ಲಿ ‘ವರ್ಷ’ ಮುರಿದಿತ್ತು, ‘ಪುನರ್ವಸು’ ಮುರಿದಿತ್ತು. ಅಪ್ಪನ ಪುಸ್ತಕದಲ್ಲಿ ಪುನರ್ವಸು ಇಲ್ಲದ ವರ್ಷ ಯಾವುದಿದೆ? ಒಂದೇ ಥರ ಕೆಟ್ಟ ಪದಗಳನ್ನು ಅವರು ಒಟ್ಟಿಗೆ ಬದಲಿಸಿದರು. ಉಳಿದದ್ದನ್ನು ಸಾಲು ಸಾಲಾಗಿ ನೋಡುವುದೊಂದೇ ದಾರಿ.

ಒಂಬತ್ತೂವರೆಗೆ ಅವರ ಯಜಮಾನರು ಚಿತ್ರಾನ್ನದ ಡಬ್ಬಿ ತಂದು ಕೌಂಟರ್ ಮೇಲಿಟ್ಟು, ಹೊರಗೆ ಸ್ಕೂಟರ್ ಹತ್ತಿರ ಕಾಯುತ್ತಾ ಕೂತರು. ನಾಳೆ ಮಾಡೋಣ, ನೀವು ಮನೆಗೆ ಹೊರಡಮ್ಮ ಅಂತ ಎರಡು ಸಲ ಹೇಳಿದೆ. ಅವರು ಕೇಳಲೇ ಇಲ್ಲ. ಅಪ್ಪನ ನೋಟ್‌ಬುಕ್ಕು ತೊಡೆಯ ಮೇಲಿಟ್ಟುಕೊಂಡು ಜೋರಾಗಿ ಓದುವುದು, ನಾನು ಪರದೆಯಲ್ಲಿ ತಿದ್ದುವುದು. ನಡುವೆ ಒಂದು ಗಂಟೆ ಕರೆಂಟು ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ, ಫೋನಿನ ಟಾರ್ಚ್ ಹಿಡಿದು ಓದಿದರು.

ರಾತ್ರಿ ಎರಡರ ಹತ್ತಿರ ಅವರು ತಟಕ್ಕನೆ ನಿಲ್ಲಿಸಿದರು. ‘ಅಣ್ಣ, ಇಲ್ಲೊಂದು ಸಾಲು ಬಿಟ್ಟುಹೋಗಿದೆ.’

1994ರ ಪುಟ. ‘ಹಸ್ತ, 2ನೇ ದಿನ. ಮಳೆ ಇಲ್ಲ. ಮಗನ ಜೊತೆ ಮಾತು ಜೋರಾಯಿತು. ಊಟ ಮಾಡದೆ ಬಸ್ ಹತ್ತಿದ.’

ಅದು ಬಿಟ್ಟುಹೋದದ್ದಲ್ಲ. ನಾನೇ ಬಿಟ್ಟಿದ್ದೆ. ಬೋರ್‌ವೆಲ್ ಸಾಲದ ಮಾತಿಗೆ ಶುರುವಾದ ಜಗಳ. ನೀನು ಮಳೆ ಬರೀತಾ ಕೂತ್ಕೋ, ಅದರಿಂದ ಯಾರ ಹೊಟ್ಟೆ ತುಂಬುತ್ತೆ ಅಂತ ಅಪ್ಪನಿಗೆ ಅಂದು ಹೊರಟಿದ್ದೆ. ಎಂಟು ತಿಂಗಳು ಊರಿಗೆ ಬರಲಿಲ್ಲ. ಅಪ್ಪ ಆ ಮಾತನ್ನು ಬರೆದಿಲ್ಲ. ನಾನು ಉಂಡಿರಲಿಲ್ಲ ಅನ್ನುವುದನ್ನು ಬರೆದಿದ್ದಾರೆ.

ಇದು ಬೇಡ, ಮುಂದೆ ಓದಿ ಅಂದೆ. ನನ್ನ ಗಂಟಲು ಕಟ್ಟಿತ್ತು. ಅವರು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ, ‘ಅಪ್ಪ ಬರೆದಿದ್ದು ಅಲ್ವಾ ಅಣ್ಣ, ಹಾಕಿ’ ಅಂದರು. ಏನು, ಯಾಕೆ ಅಂತ ಕೇಳಲಿಲ್ಲ. ನಾನು ಟೈಪ್ ಮಾಡುವವರೆಗೂ ನೋಟ್‌ಬುಕ್ಕಿನಿಂದ ಕಣ್ಣು ಎತ್ತಲಿಲ್ಲ. ಆ ಸಾಲು ಈಗ 79ನೇ ಪುಟದಲ್ಲಿದೆ. ತಿಥಿಯ ದಿನ ನನ್ನ ಅಮ್ಮ ಓದಿದರು, ಪುಟದ ಮೇಲೆ ಕೈ ಇಟ್ಟುಕೊಂಡು ತುಂಬಾ ಹೊತ್ತು ಕೂತಿದ್ದರು.

ನಾಲ್ಕೂಕಾಲಿಗೆ ಕೆಲಸ ಮುಗಿಯಿತು. ಅವರ ಯಜಮಾನರು ಬೆಂಚಿನ ಮೇಲೆ ನಿದ್ದೆ ಹೋಗಿದ್ದರು. ದುಡ್ಡು ಎಷ್ಟಾಯಿತು ಅಂದರೆ ಪ್ರೂಫ್ ತೆಗೆದ ಪೇಪರಿನ ಲೆಕ್ಕ ಮಾತ್ರ ಹೇಳಿದರು. ಉಳಿದ ದುಡ್ಡು ಕೊಡಲು ಹೋದಾಗ ಕೈ ಹಿಂದಕ್ಕೆ ಎಳೆದುಕೊಂಡರು. ಅಮ್ಮಾ, ಆ ರಾತ್ರಿ ನೀವು ಇರದಿದ್ದರೆ ಪುಸ್ತಕ ಹೇಗೋ ಆಗುತ್ತಿತ್ತೇನೋ, ಆ ಸಾಲು ಮಾತ್ರ ಬರುತ್ತಿರಲಿಲ್ಲ. ನಿಮ್ಮ ಉಪಕಾರ ನಾನು ಇರುವ ತನಕ ಮರೆಯುವುದಿಲ್ಲ.

ಪುಸ್ತಕ ಸಿಗದವರು ಮನೆಗೆ ಬನ್ನಿ, ಇನ್ನೂ ಹತ್ತು ಪ್ರತಿ ಇದೆ. ತೆಗೆದುಕೊಂಡು ಹೋದವರು 143ನೇ ಪುಟದಲ್ಲಿ ‘ಪುಷ್ಯ’ ಅಂತ ಇರುವ ಕಡೆ ‘ಪುನರ್ವಸು’ ಅಂತ ತಿದ್ದಿಕೊಳ್ಳಿ. ಅದನ್ನೂ ನಿನ್ನೆ ಅವರೇ ಫೋನ್ ಮಾಡಿ ಹೇಳಿದರು.