ಅಮ್ಮ ಟೆಕ್ಸಾಸಿಗೆ ಬರೋ ಮುಂಚೆ ಇದನ್ನ ಓದ್ಕೊ

ಪ್ರೀತಿಯ ಗೆಳೆಯ,

ಅಮ್ಮ ಡಿಸೆಂಬರಲ್ಲಿ ಕೊಪ್ಪದಿಂದ ಬಂದು ಚಳಿಗಾಲ ಪೂರ್ತಿ ನಿನ್ ಜೊತೆ ಇರ್ತಾರೆ ಅಂದ್ಯಲ್ಲ, ಅದಕ್ಕೇ ಬರೀತಾ ಇದೀನಿ. ಆಸ್ಟಿನ್ ಅಂದ್ರೆ ಬಿಸಿಲು ಅಂತ ಎಲ್ರೂ ಹೇಳಿರ್ತಾರೆ, ನಿಜಾನೇ, ಆದ್ರೆ 2021ರ ಫೆಬ್ರವರಿಲಿ ನಮ್ಮ ಡಲ್ಲಾಸಲ್ಲಿ ಮೈನಸ್ 19 ಡಿಗ್ರಿಗೆ ಇಳೀತು, 15ನೇ ತಾರೀಖು ಬೆಳಗಿನ ಜಾವ ಗ್ರಿಡ್, ಅಂದ್ರೆ ಕರೆಂಟ್ ಹಂಚೋ ಜಾಲ, ಪೂರ್ತಿ ಬಿದ್ದೋಗ್ಬಾರ್ದು ಅಂತ ಕರೆಂಟ್ ತೆಗೆಯೋಕೆ ಶುರು ಮಾಡಿದ್ರು, 45 ಲಕ್ಷಕ್ಕೂ ಜಾಸ್ತಿ ಮನೆ, ಅಂಗಡಿಗಳಲ್ಲಿ ಕತ್ತಲೆ. ಈ ರಾಜ್ಯದ ಗ್ರಿಡ್ ಹೆಚ್ಚುಕಮ್ಮಿ ಒಂಟಿ ಕಣೋ, ಪಕ್ಕದವರಿಂದ ಬೇಕಾದಷ್ಟು ಕರೆಂಟ್ ತರಿಸೋಕಾಗಲ್ಲ. ಸರ್ಕಾರದ ಲೆಕ್ಕದಲ್ಲೇ 246 ಜನ ತೀರ್ಕೊಂಡ್ರು.

ಗ್ಯಾಸ್ ಹೀಟಿಂಗ್ ಇದೆ ಅಂತ ಧೈರ್ಯವಾಗಿರ್ಬೇಡ, ಕರೆಂಟಿಲ್ದೆ ಬಿಸಿಗಾಳಿ ಊದೋ ಅದರ ಬ್ಲೋವರ್ ತಿರುಗಲ್ಲ. ಮನೆಯೆಲ್ಲಾ ಬೆಚ್ಚಗಿಡೋ ಆಸೆ ಬಿಟ್ಟು ಒಂದೇ ಚಿಕ್ಕ ರೂಮಲ್ಲಿ ಎಲ್ರೂ ಮಲಗಿ, ಬಾಗಿಲ ಸಂದಿಗೆ ಟವೆಲ್ ಒತ್ತಿ, ಕಿಟಕಿಗೆ ರಗ್ಗು ಕಟ್ಟಿ, ಬಿಸಿಲು ಬಿದ್ದಾಗ ಮಾತ್ರ ತೆಗೀರಿ. ದಪ್ಪ ಸ್ವೆಟರ್ ಒಂದಕ್ಕಿಂತ ಒಂದ್ರ ಮೇಲೊಂದು ತೆಳ್ಳಗಿನ ಬಟ್ಟೆ ಮೇಲು, ಅಮ್ಮಂಗೆ ಸೀರೆ ಒಳಗೇ ಥರ್ಮಲ್ ಹಾಕ್ಕೊಳ್ಳೋಕೆ ಹೇಳು, ತಲೆಗೆ ಟೋಪಿ, ಕಾಲಿಗೆ ಸಾಕ್ಸ್. ಸ್ಟೌವ್ ಕರೆಂಟಿಂದಾದ್ರೆ ಹಿಂದಿನ ರಾತ್ರಿನೇ ಫ್ಲಾಸ್ಕಿಗೆ ಬಿಸಿನೀರು, ಮೆಣಸಿನ ಸಾರು ತುಂಬಿಡು. ಪೈಪಲ್ಲಿ ನೀರು ಹೆಪ್ಪುಗಟ್ಟದ ಹಾಗೆ ನಲ್ಲಿನ ಸಣ್ಣಗೆ ತೊಟ್ಟಿಕ್ಕೋಕೆ ಬಿಡು, ಪೈಪ್ ಒಡೆದ್ರೆ ನೀರು ನಿಲ್ಲಿಸೋ ಮೇನ್ ವಾಲ್ವ್ ಎಲ್ಲಿದೆ ಅಂತ ಇವತ್ತೇ ನೋಡಿಟ್ಕೊ.

ಈಗ ಮುಖ್ಯವಾದದ್ದು. ಬೆಂಕಿ. ಅಮ್ಮ ಜನ್ಮವಿಡೀ ಬಚ್ಚಲೊಲೆ ಮುಂದೆ ಕೂತು, ಮಳೆಗಾಲದಲ್ಲಿ ಅಗ್ಗಿಷ್ಟಿಕೆ ಹತ್ರ ಕೈ ಕಾಯಿಸಿಕೊಂಡು ಬೆಳೆದೋರು, ಚಳಿ ಅಂದ್ರೆ ಕೆಂಡ ತನ್ನಿ ಅನ್ನೋದು ಅವರಿಗೆ ಸಹಜ. ಆದ್ರೆ ಊರಿನ ಮನೇಲಿ ಹೆಂಚಿನ ಸಂದೀಲಿ ಹೊಗೆ ಹೋಗ್ತಿತ್ತು, ಗಾಳಿ ಆಡ್ತಿತ್ತು, ಇಲ್ಲಿನ ಮನೆ ಡಬ್ಬಿ ಮುಚ್ಚಿದ ಹಾಗೆ. ಇದ್ದಿಲು ಗ್ರಿಲ್ ಒಳಗೆ ತಂದ್ರೆ, ಗ್ಯಾರೇಜಲ್ಲಿ ಕಾರ್ ಸ್ಟಾರ್ಟ್ ಮಾಡಿ ಕೂತ್ರೆ, ಕಾರ್ಬನ್ ಮಾನಾಕ್ಸೈಡ್ ತುಂಬ್ಕೊಳ್ಳುತ್ತೆ, ಅದಕ್ಕೆ ಬಣ್ಣ ಇಲ್ಲ ವಾಸನೆ ಇಲ್ಲ, ತಲೆನೋವು, ವಾಕರಿಕೆ, ನಿದ್ದೆ, ಅಷ್ಟೇ. ಆ ವಾರ ಬೆಚ್ಚಗಿರೋಕೆ ಹೋಗಿ ಹೀಗೇ ಸತ್ತೋರಿದ್ದಾರೆ ಕಣೋ, ಚಿಕ್ಕ ಮಕ್ಕಳೂ ಸೇರಿ. ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗುತ್ತೆ. ಜನರೇಟರ್ ಇದ್ರೆ ಮನೆಯಿಂದ 20 ಅಡಿ ಆಚೆಗೇ ಇರ್ಲಿ. ತಲೆ ಸುತ್ತಿದ್ರೆ ಎಷ್ಟೇ ಚಳಿ ಇರ್ಲಿ ಎಲ್ರನ್ನೂ ಹೊರಗೆ ಕರ್ಕೊಂಡು ಬಂದು 911ಗೆ ಫೋನ್ ಮಾಡು.

ಇನ್ನೊಂದು, ಅಮ್ಮ ಚಳಿ ಆಗ್ತಿದೆ ಅಂತ ಬಾಯಿಬಿಟ್ಟು ಹೇಳೋರಲ್ಲ, ನಂಗೊತ್ತು. ನಡುಕ ನಿಂತೋಗಿ ಮಾತು ತೊದಲಿದ್ರೆ, ಮಂಪರು ಬಂದಂಗಾದ್ರೆ, ಸುಸ್ತಾಗಿದಾರೆ ಮಲಗ್ಲಿ ಅಂತ ಬಿಡ್ಬೇಡ, ಅದು ಮೈಕಾವು ಇಳಿದಿರೋ ಲಕ್ಷಣ, ತಕ್ಷಣ ಸಹಾಯ ಕರಿ.

ಬ್ಯಾಟರಿ ಹಾಕೋ ಕಾರ್ಬನ್ ಮಾನಾಕ್ಸೈಡ್ ಅಲಾರಂ ಈ ವಾರಾನೇ ತಗೊ, ಅವರು ಮಲಗೋ ರೂಮಿನ ಹತ್ರಾನೇ ಹಾಕು. ಹಾಕಿದ ಮೇಲೆ ಫೋನ್ ಮಾಡು.

ನಿನ್ನ ಗೆಳೆಯ