ಬೆಣ್ಣೆಹಣ್ಣನ್ನು ಅದುಮಬೇಡಿ

ಮಾನ್ಯರೇ,

ನಮ್ಮ ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಬೆಣ್ಣೆಹಣ್ಣಿನ ಮರ ಹೊಸದೇನಲ್ಲ. ಹಾಲು, ಸಕ್ಕರೆ ಹಾಕಿ ಜ್ಯೂಸ್ ಕುಡಿದೇ ಬೆಳೆದವರು ನಾವು. ಈಗ ಮಗಳು ಮೆಕ್ಸಿಕೊದ ಗ್ವಾಕಮೋಲೆ ಕಲಿಸಿದ್ದಾಳೆ. ಹಣ್ಣು ಕಿವುಚಿ ಈರುಳ್ಳಿ, ಹಸಿಮೆಣಸು, ಕೊತ್ತಂಬರಿ ಸೊಪ್ಪು, ಉಪ್ಪು, ನಿಂಬೆರಸ ಕಲಸುವುದು, ಅಷ್ಟೇ. ಅಕ್ಕಿರೊಟ್ಟಿಗೆ ಬಹಳ ರುಚಿ.

ಆದರೆ ಸಂತೆಯಲ್ಲಿ ಜನ ಹಣ್ಣು ಆರಿಸುವುದನ್ನು ನೋಡಿದರೆ ಬೇಜಾರಾಗುತ್ತದೆ. ಬಂದವರೆಲ್ಲ ಹೆಬ್ಬೆರಳಿನಿಂದ ಅದುಮುತ್ತಾರೆ. ಅದುಮಿದ ಜಾಗ ಒಳಗೆ ಕಪ್ಪಾಗುತ್ತದೆ. ಮುಂದೆ ಕೊಳ್ಳುವವರಿಗೆ ನಷ್ಟ ಅಲ್ವಾ? ಅಂಗೈಯಲ್ಲಿಟ್ಟು ಮೆಲ್ಲಗೆ ಹಿಡಿಯಿರಿ. ಸ್ವಲ್ಪ ಮೆತ್ತಗಿದ್ದರೆ ಅವತ್ತೇ ಕಲಸಬಹುದು. ಬಣ್ಣ ನಂಬಬೇಡಿ. ಹಾಸ್ ತಳಿ ಹಣ್ಣಾದಾಗ ಕಪ್ಪಾಗುತ್ತದೆ, ನಮ್ಮೂರಿನ ಎಷ್ಟೋ ಮರಗಳ ಹಣ್ಣು ಹಸಿರಾಗಿಯೇ ಇರುತ್ತದೆ. ಗಟ್ಟಿ ಇದ್ದರೆ ಬಾಳೆಹಣ್ಣಿನ ಜೊತೆ ಕಾಗದದಲ್ಲಿ ಸುತ್ತಿಡಿ, ಬೇಗ ಹಣ್ಣಾಗುತ್ತದೆ.

ಬೆಳೆಗಾರರಲ್ಲೂ ಒಂದು ಮನವಿ. ಇದು ಮರದಲ್ಲಿ ಮೆತ್ತಗಾಗುವುದಿಲ್ಲ, ಕಿತ್ತ ಮೇಲೇ ಹಣ್ಣಾಗುವುದು, ನಿಜ. ಹಾಗಂತ ಬಲಿಯುವ ಮೊದಲೇ ಕೀಳಬೇಡಿ. ಕಳೆದ ವಾರ ತಂದ 3 ಕಾಯಿಗಳು ಸುಕ್ಕುಗಟ್ಟಿ ರಬ್ಬರಿನಂತಾದವು. ರುಚಿಯೂ ಕಹಿ. ದಯವಿಟ್ಟು ಇನ್ನೊಂದೆರಡು ವಾರ ಮರದಲ್ಲೇ ಬಿಡಿ.

– ಒಬ್ಬ ಗೃಹಿಣಿ, ಮೂಡಿಗೆರೆ, ಚಿಕ್ಕಮಗಳೂರು ಜಿಲ್ಲೆ