ಅಲ್ಲಿ ಟಿಕೆಟ್, ಇಲ್ಲಿ ಜೆಸಿಬಿ

ಸಂಪಾದಕರೇ ನಮಸ್ಕಾರ,

ಹೋದ ಭಾನುವಾರದ ಪುರವಣಿಲಿ ಅಮೆರಿಕದ ಪಾಮ್ ಸ್ಪ್ರಿಂಗ್ಸ್ ಅನ್ನೋ ಊರಲ್ಲಿ ಹಾಲಿವುಡ್ ಸ್ಟಾರ್‌ಗಳ ಹಳೇ ಮನೆ ನೋಡೋ ಟೂರ್ ಬಗ್ಗೆ ಬಂದಿತ್ತು, ಓದಿದೆ, ಆದ್ರೆ ಯಾರು ಯಾರನ್ನ ಕಟ್ಕೊಂಡ್ರು ಯಾರು ಬಿಟ್ರು ಅನ್ನೋದೇ ಜಾಸ್ತಿ ಆಯ್ತು, ಮನೆ ಬಗ್ಗೆ ನಾಲ್ಕು ಸಾಲಿಲ್ಲ. ಇನ್ನೊಂದು, ಅಲ್ಲಿ 1967ರಲ್ಲಿ ಹಾಡುಗಾರ ಎಲ್ವಿಸ್ ಪ್ರೀಸ್ಲಿ ಹನಿಮೂನ್‌ಗೆ ಇದ್ದ ಮನೆ ಅವನ ಸ್ವಂತದ್ದು ಅಂತ ಬರೆದಿದ್ರಿ, ಅಲ್ಲ, ಅದು ಬಾಡಿಗೇದು. ಮಗಳು ಕ್ಯಾಲಿಫೋರ್ನಿಯಾದಲ್ಲಿರೋದ್ರಿಂದ ನಾನೂ ಹೋಗಿ ಸುತ್ತಿ ಬಂದಿದೀನಿ, ಅದಕ್ಕೇ ಇಷ್ಟು ಧೈರ್ಯ.

ಪಾಮ್ ಸ್ಪ್ರಿಂಗ್ಸ್ ಮರುಭೂಮಿ ಊರು, ಬೇಸಿಗೆಲಿ 45 ಡಿಗ್ರಿ ದಾಟುತ್ತೆ, ನಮ್ ದಾವಣಗೆರೆ ಬಿಸಿಲು ಅದರ ಮುಂದೆ ಏನೂ ಅಲ್ಲ. ಲಾಸ್ ಏಂಜಲೀಸ್‌ನಿಂದ ಎರಡು ತಾಸಿನ ದಾರಿ ಅಂತ ಆಗಿನ ಸ್ಟಾರ್‌ಗಳು ಸಾಲಾಗಿ ಅಲ್ಲೇ ಮನೆ ಮಾಡಿದ್ರು. ಹಾಡುಗಾರ, ನಟ ಫ್ರಾಂಕ್ ಸಿನಾತ್ರಾ ಮನೆ 1947ರದ್ದು. ಆ ಯಪ್ಪಂಗೆ ಕಂಬ ಗಿಂಬ ಇರೋ ಜಾರ್ಜಿಯನ್ ಅನ್ನೋ ಹಳೇ ಇಂಗ್ಲಿಷ್ ಸ್ಟೈಲಿನ ಬಂಗ್ಲೆ ಬೇಕಿತ್ತಂತೆ, ಸ್ಟುವರ್ಟ್ ವಿಲಿಯಮ್ಸ್ ಅನ್ನೋ ಆರ್ಕಿಟೆಕ್ಟು ಎರಡು ಡ್ರಾಯಿಂಗ್ ಮುಂದಿಟ್ಟು ಈ ಜಾಗಕ್ಕೆ ಇದೇ ಸರಿ ಅಂತ ಮಾಡರ್ನ್ ಮನೆಗೆ ಒಪ್ಪಿಸಿದ್ರಂತೆ. ಮಹಡಿ ಇಲ್ಲ, ಗೋಪುರ ಇಲ್ಲ. ಸ್ವಿಮ್ಮಿಂಗ್ ಪೂಲ್ ಪಿಯಾನೋ ಆಕಾರದ್ದು, ಪಕ್ಕದಲ್ಲಿ ಓಡಾಡೋ ಜಾಗದ ಚಾವಣಿಗೆ ಸಂದು ಬಿಟ್ಟಿದಾರೆ, ಬಿಸಿಲು ಬಿದ್ರೆ ನೆಲದ ಮೇಲೆ ಪಿಯಾನೋ ಕೀ ಥರ ಪಟ್ಟೆ ಪಟ್ಟೆ ಬೆಳಕು. ಮಗಳು ಹೋಗೋಣ ಬಾ ಅಪ್ಪಾಜಿ ಅಂತ ಮೂರು ಸಲ ಕರೆದ್ಲು, ನಾನು ಅಲ್ಲೇ ನಿಂತಿದ್ದೆ.

2006ರಿಂದ ಪ್ರತಿ ಫೆಬ್ರವರಿ ಅಲ್ಲಿ ಇಂಥ ಮಾಡರ್ನ್ ಮನೆಗಳದ್ದೇ ಹಬ್ಬ, ಮಾಡರ್ನಿಸಂ ವೀಕ್ ಅಂತ, ನಡೆಯುತ್ತೆ, ಒಂದೊಂದು ಮನೆಗೂ ಟಿಕೆಟ್, ಡಬಲ್ ಡೆಕರ್ ಬಸ್ಸು. ಅರವತ್ತು ಎಪ್ಪತ್ತು ವರ್ಷದ ಮನೆಗೆ ಇಷ್ಟು ಮರ್ಯಾದೆ!

ಆದ್ರೆ ನಂಗೆ ತಲೆ ಕೆಟ್ಟಿದ್ದು ಬೇರೆ ವಿಷಯಕ್ಕೆ. ಊರ ತುಂಬ ಕಾಂಪೌಂಡಿಗೆ ಸಿಮೆಂಟ್ ಜಾಲಿ, ಥೇಟ್ ನಮ್ ಪಿ.ಜೆ. ಬಡಾವಣೆ ಹಳೇ ಮನೆ ಮೆಟ್ಟಿಲ ಪಕ್ಕ ಇರುತ್ತಲ್ಲ ಹೂವಿನ ಡಿಸೈನು, ಅದೇ! ಆ ಊರಿಗೆ ಈ ಮಾಡರ್ನ್ ಸ್ಟೈಲ್ ತಂದೋರಲ್ಲಿ ಆಲ್ಬರ್ಟ್ ಫ್ರೇ ಅನ್ನೋ ಆರ್ಕಿಟೆಕ್ಟು ಒಬ್ರು, ಅವ್ರು ಪ್ಯಾರಿಸ್‌ನಲ್ಲಿ ಲ ಕಾರ್ಬೂಸಿಯೆ ಅನ್ನೋ ದೊಡ್ಡ ಆರ್ಕಿಟೆಕ್ಟ್ ಕೈ ಕೆಳಗೆ ಪಳಗಿದೋರು, ಅದೇ ಕಾರ್ಬೂಸಿಯೆ ಆಮೇಲೆ ನಮ್ ಚಂಡೀಗಢಕ್ಕೆ ಪ್ಲಾನ್ ಹಾಕಿದ್ದು, ಆ ಗಾಳಿನೇ ನಮ್ಮೂರ ಇಂಜಿನಿಯರ್‌ಗಳ ತನಕ ಬೀಸಿರಬೇಕು.

ಇಲ್ಲಿ ಮಾತ್ರ ಅಂಥವನ್ನ ಒಡೆಸ್ತೀವಿ, ಅದ್ರಲ್ಲಿ ನಾನೇನು ಸಾಚಾ ಅಲ್ಲ. ನಮ್ಮಪ್ಪ 1968ರಲ್ಲಿ ಕಟ್ಟಿಸಿದ ಮನೆಗೂ ಅಂಥ ಜಾಲಿ ಇತ್ತು, ಮಧ್ಯಾಹ್ನ ಅದ್ರ ಹಿಂದೆ ಮೊಸಾಯಿಕ್ ನೆಲದ ಮೇಲೆ ಬರೀ ಮೈಲಿ ಮಲಗ್ತಿದ್ವಿ, ಫ್ಯಾನೂ ಬೇಕಿರ್ಲಿಲ್ಲ. ಎಲಿವೇಶನ್ ಹಳೇದಾಯ್ತು ಅಂತ ನಾನೇ ಮುಂದೆ ನಿಂತು ಒಡೆಸಿ ಗ್ಲಾಸ್ ಹಾಕಿಸ್ದೆ, ಈಗ ಎಸಿ ಬಿಲ್ ಕಟ್ತಾ ಕೂತಿದೀನಿ.

ಸಿನಾತ್ರಾ ಮನೆ ಬಗ್ಗೆ ಬರೆಯೋ ಪುರವಣಿಲಿ ನಮ್ಮೂರಿನ ಇಂಥ ಮನೆಗಳಿಗೂ ಒಂದು ಪುಟ ಕೊಡಿ, ಫೋಟೋಗ್ರಾಫರ್ ಕಳ್ಸಿದ್ರೆ ನಾನೇ ಜೊತೆಗೆ ಬರ್ತೀನಿ. ನಮ್ ಸುತ್ತಮುತ್ತ ಕಣ್ಣಿಗೆ ಬಿದ್ದಿರೋದು ಆರು ಮನೆ. ಸ್ವಲ್ಪ ಬೇಗ ಕಳ್ಸಿ, ಒಂದ್ರ ಮುಂದೆ ಮೊನ್ನೆಯಿಂದ ಜೆಸಿಬಿ ನಿಂತಿದೆ.

ಇಂತಿ,
ನಿಮ್ಮ ಹಳೇ ಓದುಗ, ದಾವಣಗೆರೆ